ಒಪ್ಪಿಗೆಯ ಮೇರೆ: 1976ರ ಒಂದು ತೀರ್ಪಿನ ವಿಮರ್ಶೆ

ಕಳೆದ ಮಾಸದಲ್ಲಿ ಶ್ರೀಮಠಕ್ಕೆ ಬಂದಿದ್ದ ಕಾನೂನು ವ್ಯಾಸಂಗದ ವಿದ್ಯಾರ್ಥಿಯೊಬ್ಬನು ನಮ್ಮ ಮುಂದೆ ಒಂದು ಸಂದೇಹವನ್ನಿಟ್ಟನು. “ಬುದ್ಧೀ, ಸಂವಿಧಾನವನ್ನು ನಮಗೆ ನಾವೇ ಕೊಟ್ಟುಕೊಂಡಿದ್ದೇವೆ. ಆ ಸಂವಿಧಾನವು ಸರಕಾರಕ್ಕೆ ಅಧಿಕಾರವನ್ನು ಕೊಟ್ಟಿದೆ. ಆ ಅಧಿಕಾರದಿಂದಲೇ ಸರಕಾರವು ಒಬ್ಬನನ್ನು ಸೆರೆಯಲ್ಲಿಟ್ಟರೆ ಅವನು ತನ್ನನ್ನು ತಾನೇ ಸೆರೆಯಲ್ಲಿಟ್ಟುಕೊಂಡಂತಾಗಲಿಲ್ಲವೇ? ಹಾಗಾದಮೇಲೆ ಅವನು ದೂರುವುದು ಯಾರನ್ನು?” ಎಂದು ಕೇಳಿದನು. ಕೂಡಿದ್ದ ಭಕ್ತರಲ್ಲಿ ಕೆಲವರು ನಕ್ಕರು. ನಮಗೆ ನಗು ಬರಲಿಲ್ಲ. ಹುಡುಗನು ಮಾತಿನ ಚಮತ್ಕಾರಕ್ಕಾಗಿ ಕೇಳಿದ ಪ್ರಶ್ನೆ ಅದಾಗಿರಲಿಲ್ಲ. ಪಾಠದಲ್ಲಿ ಓದಿದ ಒಂದು ತೀರ್ಪು ಅವನ ಮನಸ್ಸನ್ನು ಕಲಕಿತ್ತು. ಅಂದು ಅವನಿಗೆ ಕೊಟ್ಟ ಉತ್ತರ ಸಂಕ್ಷಿಪ್ತವಾಯಿತು. ಅದನ್ನು ವಿಸ್ತರಿಸಿ ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶ.

ಆ ತೀರ್ಪು ನಮ್ಮ ದೇಶದ ಸರ್ವೋಚ್ಚ ನ್ಯಾಯಾಲಯವು 1976ರ ಏಪ್ರಿಲ್ 28ರಂದು ಕೊಟ್ಟುದು. ಜಬಲ್ಪುರದ ಅಪರ ಜಿಲ್ಲಾ ದಂಡಾಧಿಕಾರಿ ಮತ್ತು ಶಿವಕಾಂತ ಶುಕ್ಲ ಇವರ ಮೊಕದ್ದಮೆ ಎಂದು ಅದಕ್ಕೆ ಹೆಸರು. ನಾವು ವಕೀಲರಲ್ಲ. ಪಾಠಶಾಲೆಯಲ್ಲಿ ತರ್ಕವನ್ನೂ ವಿಶ್ವವಿದ್ಯಾಲಯದಲ್ಲಿ ತತ್ತ್ವಶಾಸ್ತ್ರವನ್ನೂ ಓದಿದವರು. ಆದರೆ ತೀರ್ಪೆಂಬುದೂ ಒಂದು ಕೃತಿಯೇ. ಅದರಲ್ಲಿ ಪ್ರತಿಜ್ಞೆಯಿದೆ, ಹೇತುವಿದೆ, ದೃಷ್ಟಾಂತವಿದೆ. ಅಲ್ಲಲ್ಲಿ ಉಪಮಾನವೂ ಇದೆ. ಆದುದರಿಂದ ಒಂದು ಶಾಸ್ತ್ರಗ್ರಂಥವನ್ನು ಓದುವ ಕ್ರಮದಲ್ಲಿಯೇ ಇದನ್ನೂ ಓದಿ, ಇದರ ಗುಣದೋಷಗಳನ್ನು ತೂಗಿ ನೋಡಬಹುದು.

ಪ್ರಸಂಗ

1975ರ ಜೂನ್ 25ರ ರಾತ್ರಿ ಸಂವಿಧಾನದ 352ನೆಯ ಅನುಚ್ಛೇದದ ಮೇರೆಗೆ ತುರ್ತುಪರಿಸ್ಥಿತಿಯ ಘೋಷಣೆಯಾಯಿತು. ಜೂನ್ 27ರಂದು ರಾಷ್ಟ್ರಪತಿಗಳು 359ನೆಯ ಅನುಚ್ಛೇದದ ಕೆಳಗೆ ಒಂದು ಆಜ್ಞೆಯನ್ನು ಹೊರಡಿಸಿದರು. ಸಮಾನತೆಯನ್ನು ಹೇಳುವ 14ನೆಯ, ಪ್ರಾಣ ಮತ್ತು ವೈಯಕ್ತಿಕ ಸ್ವಾತಂತ್ರ್ಯವನ್ನು ಹೇಳುವ 21ನೆಯ, ಬಂಧಿತನಿಗಿರುವ ರಕ್ಷಣೆಗಳನ್ನು ಹೇಳುವ 22ನೆಯ ಅನುಚ್ಛೇದಗಳನ್ನು ಜಾರಿಗೆ ತರಬೇಕೆಂದು ಯಾವ ನ್ಯಾಯಾಲಯದ ಮುಂದೂ ಹೋಗಕೂಡದು ಎಂಬುದು ಆ ಆಜ್ಞೆಯ ಸಾರ. ಇದರೊಂದಿಗೆ 1971ರ ಆಂತರಿಕ ಭದ್ರತಾ ಪಾಲನೆಯ ಕಾಯಿದೆ, ಅಂದರೆ ಜನರ ಬಾಯಲ್ಲಿ ‘ಮೀಸಾ’ ಎಂದು ಹೆಸರಾದುದು, ಕೈಗೆ ಸಿದ್ಧವಾಗಿತ್ತು. ಬಂಧನದ ಕಾರಣವನ್ನು ಬಂಧಿತನಿಗೆ ತಿಳಿಸಬೇಕಾಗಿಲ್ಲ, ಅದು ರಾಜ್ಯದ ಗುಟ್ಟು ಎಂದು ಆ ಕಾಯಿದೆಗೆ ತಿದ್ದುಪಡಿಯೂ ಆಯಿತು. ಮುಂದೆ ನೇಮಕವಾದ ಷಾ ಆಯೋಗದ ಲೆಕ್ಕದಂತೆ ಮೀಸಾ ಒಂದರ ಅಡಿಯಲ್ಲಿಯೇ ಬಂಧಿತರಾದವರು ಸುಮಾರು 35 ಸಾವಿರ ಮಂದಿ.

ಈ ಕಥೆಯಲ್ಲಿ ಬೆಂಗಳೂರಿಗೂ ಒಂದು ಪಾತ್ರವುಂಟು. ಸಂಸದೀಯ ಸಮಿತಿಯ ಕೆಲಸಕ್ಕಾಗಿ ಆ ನಗರಕ್ಕೆ ಬಂದಿದ್ದ ಅಟಲ್ ಬಿಹಾರಿ ವಾಜಪೇಯಿ, ಲಾಲಕೃಷ್ಣ ಆಡ್ವಾಣಿ, ಮಧು ದಂಡವತೆ ಮೊದಲಾದವರನ್ನು ಜೂನ್ 26ರಂದು ಅಲ್ಲಿಯೇ ಬಂಧಿಸಲಾಯಿತು. ಅವರು ಕರ್ನಾಟಕದ ಉಚ್ಚ ನ್ಯಾಯಾಲಯದ ಮೊರೆಹೊಕ್ಕರು. ಬಂಧಿತನನ್ನು ನ್ಯಾಯಾಲಯದ ಮುಂದೆ ತಂದು ನಿಲ್ಲಿಸಿ ಬಂಧನಕ್ಕೆ ಕಾರಣವನ್ನು ತೋರಿಸಿರೆಂದು ಕೇಳುವ ‘ಹೇಬಿಯಸ್ ಕಾರ್ಪಸ್’ ಅರ್ಜಿಯನ್ನು ವಿಚಾರಣೆಗೆ ಎತ್ತಿಕೊಳ್ಳಬಹುದೇ ಕೂಡದೇ ಎಂಬುದೇ ಪ್ರಶ್ನೆ. ಎತ್ತಿಕೊಳ್ಳಬಹುದು ಎಂದು ಕರ್ನಾಟಕವೂ ಸೇರಿ ದೇಶದ 9 ಉಚ್ಚ ನ್ಯಾಯಾಲಯಗಳು ಹೇಳಿದವು. ಸರಕಾರವು ಅವುಗಳ ಮೇಲೆ ಸರ್ವೋಚ್ಚ ನ್ಯಾಯಾಲಯಕ್ಕೆ ಹೋಯಿತು. ಅಲ್ಲಿ ಮುಖ್ಯ ನ್ಯಾಯಾಧೀಶ ಎ. ಎನ್. ರೇ, ಎಚ್. ಆರ್. ಖನ್ನಾ, ಎಂ. ಎಚ್. ಬೇಗ್, ವೈ. ವಿ. ಚಂದ್ರಚೂಡ, ಪಿ. ಎನ್. ಭಗವತಿ ಈ ಐವರು ಕುಳಿತು ಕೇಳಿದರು. ನಾಲ್ವರು ಸರಕಾರದ ಪಕ್ಷವನ್ನು ಎತ್ತಿಹಿಡಿದರು. ಖನ್ನಾ ಒಬ್ಬರೇ ಭಿನ್ನಮತವನ್ನು ಬರೆದರು.

ಪೂರ್ವಪಕ್ಷ

ಎದುರುಪಕ್ಷವನ್ನು ದುರ್ಬಲವಾಗಿ ನಿರೂಪಿಸಿ ಗೆಲ್ಲುವುದು ಪಂಡಿತಲಕ್ಷಣವಲ್ಲ. ನಾಲ್ವರ ವಾದದಲ್ಲಿ ಬಲವೇ ಇರಲಿಲ್ಲವೆಂದು ಹೇಳುವುದು ಸುಲಭ. ಆದರೆ ಅದು ಸತ್ಯವಲ್ಲ.

ಅವರ ವಾದದ ಮೊದಲ ಮೆಟ್ಟಿಲು ಇದು. 359ನೆಯ ಅನುಚ್ಛೇದವನ್ನು ಯಾರೋ ಸರ್ವಾಧಿಕಾರಿ ಸೇರಿಸಿದುದಲ್ಲ. ಸಂವಿಧಾನಸಭೆಯೇ ಚರ್ಚಿಸಿ ಇಟ್ಟದ್ದು. ದೇಶಕ್ಕೆ ಆಪತ್ತು ಬಂದಾಗ ಹಕ್ಕುಗಳ ಬಾಗಿಲನ್ನು ಕೆಲವು ಕಾಲ ಮುಚ್ಚಬಹುದೆಂದು ಅದು ತಾನಾಗಿಯೇ ಹೇಳುತ್ತದೆ. ಎರಡನೆಯ ಮೆಟ್ಟಿಲು, 1962ರ ಚೀನಾ ಯುದ್ಧಕಾಲದ ಆಜ್ಞೆಗೂ 1975ರ ಆಜ್ಞೆಗೂ ಇರುವ ವ್ಯತ್ಯಾಸ. ಹಿಂದಿನ ಆಜ್ಞೆಯಲ್ಲಿ ನಿರ್ದಿಷ್ಟ ಕಾಯಿದೆಯ ಅಡಿಯಲ್ಲಿ ಬಂಧಿತರಾದವರಿಗೆ ಮಾತ್ರ ಎಂಬ ಕಟ್ಟು ಇದ್ದಿತು. ಅದರ ಸಂದಿನಲ್ಲಿ ನ್ಯಾಯಾಲಯಗಳು ಕೆಲವು ಅರ್ಜಿಗಳನ್ನು ಕೇಳಬಹುದಾಗಿತ್ತು. 1975ರ ಆಜ್ಞೆಯಲ್ಲಿ ಅಂತಹ ಯಾವ ಕಟ್ಟೂ ಇರಲಿಲ್ಲ. ಮೂರನೆಯ ಮೆಟ್ಟಿಲು, ಪ್ರಾಣ ಮತ್ತು ಸ್ವಾತಂತ್ರ್ಯಗಳ ಹಕ್ಕಿಗೆ ಸಂವಿಧಾನದಲ್ಲಿ ಇರುವ ನೆಲೆ 21ನೆಯ ಅನುಚ್ಛೇದ ಒಂದೇ. ಆ ನೆಲೆಗೆ ಹೋಗುವ ದಾರಿ ಮುಚ್ಚಿರುವಾಗ ಬೇರೆ ದಾರಿಯಿಂದ ಅದೇ ನೆಲೆಯನ್ನು ತಲುಪುತ್ತೇನೆನ್ನುವುದು ಸಲ್ಲದು. ಆದಕಾರಣ ಬಂಧನವು ಕಾಯಿದೆಗೆ ವಿರುದ್ಧವಾಗಿದೆಯೆಂದಾಗಲಿ, ದುರುದ್ದೇಶದಿಂದ ಮಾಡಿದ್ದೆಂದಾಗಲಿ ಹೇಳಿಕೊಂಡು ಯಾರೂ ಉಚ್ಚ ನ್ಯಾಯಾಲಯದ ಮುಂದೆ ಬರುವಂತಿಲ್ಲ. ಇದು ಅವರ ನಿರ್ಣಯ.

ಆಪತ್ಕಾಲದಲ್ಲಿ ರಾಜ್ಯಭಾರದ ಹೊಣೆ ಹೊತ್ತವರು ಸರಕಾರದವರೇ ಹೊರತು ನ್ಯಾಯಾಧೀಶರಲ್ಲ ಎಂಬ ವಿನಯವೂ ಇದರ ಹಿಂದೆ ಇದ್ದಿತು. ಎರಡನೆಯ ಮಹಾಯುದ್ಧದ ಕಾಲದಲ್ಲಿ, 1941ರಲ್ಲಿ, ಇಂಗ್ಲೆಂಡಿನ ಲಾರ್ಡುಗಳ ಸಭೆಯೂ ಲಿವರ್ಸಿಜ್ ಎಂಬವನ ಮೊಕದ್ದಮೆಯಲ್ಲಿ ಬಹುಮತದಿಂದ ಇಂತಹುದೇ ದಾರಿ ಹಿಡಿದಿತ್ತು. ಅಲ್ಲಿಯೂ ಲಾರ್ಡ್ ಆಟ್ಕಿನ್ ಒಬ್ಬರೇ ಭಿನ್ನಮತೀಯರಾಗಿದ್ದರು. ಹೀಗೆ ನೋಡಿದರೆ ನಾಲ್ವರ ತೀರ್ಪು ಪದಪದಾರ್ಥಗಳ ಮಟ್ಟದಲ್ಲಿ ಸಂಗತವಾದುದೇ. ವಿದ್ಯಾರ್ಥಿಯ ಪ್ರಶ್ನೆಗೆ ಬಲ ಬರುವುದೂ ಇಲ್ಲಿಂದಲೇ.

ಪರೀಕ್ಷೆ

ತರ್ಕದಲ್ಲಿ ಅನಿಷ್ಟಪ್ರಸಂಗವೆಂಬ ಒಂದು ಪರೀಕ್ಷೆಯುಂಟು. ಒಂದು ಸಿದ್ಧಾಂತವನ್ನು ಒಪ್ಪಿದರೆ ಯಾರೂ ಒಪ್ಪಲಾಗದ ಫಲವನ್ನೂ ಒಪ್ಪಬೇಕಾಗಿ ಬರುವುದಾದರೆ, ದೋಷವು ಫಲದಲ್ಲಿಲ್ಲ, ಸಿದ್ಧಾಂತದಲ್ಲಿಯೇ ಎಲ್ಲಿಯೋ ಇದೆಯೆಂದು ತಿಳಿಯಬೇಕು. ವಿಚಾರಣೆ ನಡೆಯುತ್ತಿದ್ದಾಗ ಖನ್ನಾ ಅವರು ಮಾಡಿದುದು ಈ ಪರೀಕ್ಷೆಯನ್ನೇ. 21ನೆಯ ಅನುಚ್ಛೇದದಲ್ಲಿ ಸ್ವಾತಂತ್ರ್ಯದ ಜೊತೆಗೆ ಪ್ರಾಣವೂ ಸೇರಿದೆಯಲ್ಲವೇ, ಹಾಗಾದರೆ ಪೋಲೀಸಿನವನೊಬ್ಬನು ಸ್ವಂತ ಹಗೆತನದಿಂದ ಒಬ್ಬನನ್ನು ಕೊಂದರೂ ನ್ಯಾಯಾಲಯದಲ್ಲಿ ಪರಿಹಾರವಿಲ್ಲವೇ ಎಂದು ಅವರು ಅಟಾರ್ನಿ ಜನರಲ್ ನಿರೇನ್ ಡೇ ಅವರನ್ನು ಕೇಳಿದರು. ತಮ್ಮ ವಾದಕ್ಕೆ ಬದ್ಧರಾಗಿ ಹೇಳುವುದಾದರೆ ತುರ್ತುಪರಿಸ್ಥಿತಿ ಇರುವವರೆಗೆ ಪರಿಹಾರವಿಲ್ಲ ಎಂದು ಅವರು ಉತ್ತರಿಸಿದರು. ಇದು ತಮ್ಮ ಅಂತಃಸಾಕ್ಷಿಗೆ ಆಘಾತಕರವೆಂದೂ ಒಪ್ಪಿಕೊಂಡರು. ವಾದವನ್ನು ಮಂಡಿಸಿದವರ ಅಂತಃಸಾಕ್ಷಿಯೇ ಆ ವಾದದ ಫಲವನ್ನು ಸಹಿಸಲಿಲ್ಲ. ಪರೀಕ್ಷೆ ಅಲ್ಲಿಯೇ ಮುಗಿಯಬೇಕಾಗಿತ್ತು. ನಾಲ್ವರಿಗೆ ಮುಗಿಯಲಿಲ್ಲ.

ದೋಷವಾದರೂ ಎಲ್ಲಿದೆ? ಹೇತುವಿನಲ್ಲಿದೆ. ಹಕ್ಕು ಬರೆಹದಲ್ಲಿ ಇರುವ ಸ್ಥಾನವನ್ನು ನಾಲ್ವರು ಹಕ್ಕಿನ ಹುಟ್ಟಿನ ಸ್ಥಾನವೆಂದು ಗ್ರಹಿಸಿದರು. ಕೆರೆಗೆ ಕಟ್ಟೆಯನ್ನು ಕಟ್ಟುತ್ತೇವೆ. ಕಟ್ಟೆ ನೀರನ್ನು ಕಾಯುತ್ತದೆ, ನೀರನ್ನು ಹುಟ್ಟಿಸುವುದಿಲ್ಲ. ಕಟ್ಟೆಯ ದುರಸ್ತಿಗೆಂದು ಕೆಲವು ದಿನ ಅಲ್ಲಿಗೆ ಯಾರೂ ಬರಬಾರದೆಂದು ಊರವರು ಗೊತ್ತುಮಾಡಿದರೆ, ಆ ದಿನಗಳಲ್ಲಿ ಕೆರೆಯಲ್ಲಿ ನೀರೇ ಇಲ್ಲವೆಂದೂ, ಯಾರು ಬೇಕಾದರೂ ತೂಬನ್ನೆತ್ತಿ ಹರಿಯಬಿಡಬಹುದೆಂದೂ ಅರ್ಥವಾಗುವುದಿಲ್ಲ. ಸಂವಿಧಾನವು ಜಾರಿಗೆ ಬಂದದ್ದು 1950ರ ಜನವರಿ 26ರಂದು. ಅದಕ್ಕೆ ಹಿಂದಿನ ದಿನ ಈ ದೇಶದಲ್ಲಿ ಒಬ್ಬ ಅಧಿಕಾರಿ ಕಾನೂನಿನ ಆಧಾರವಿಲ್ಲದೆ ಒಬ್ಬನನ್ನು ಕೂಡಿಹಾಕಬಹುದಾಗಿತ್ತೇ? ಪರರ ಆಳ್ವಿಕೆಯ ಕಾಲದಲ್ಲಿಯೂ, ಕಾಗದದ ಮೇಲಾದರೂ, ಕಾನೂನಿನ ಆಧಾರ ತೋರಿಸಬೇಕಾಗಿತ್ತು. ಖನ್ನಾ ಅವರ ಭಿನ್ನಮತದ ತಿರುಳು ಇದೇ. ಕಾನೂನಿಲ್ಲದೆ ಪ್ರಾಣವನ್ನಾಗಲಿ ಸ್ವಾತಂತ್ರ್ಯವನ್ನಾಗಲಿ ಕಸಿಯಕೂಡದೆಂಬ ನಿಯಮವು ಸಂವಿಧಾನಕ್ಕಿಂತ ಹಳೆಯದು. 21ನೆಯ ಅನುಚ್ಛೇದವು ಅದನ್ನು ಗುರುತಿಸಿತೇ ಹೊರತು ದಾನಮಾಡಲಿಲ್ಲ ಎಂದು ಅವರು ಕಂಡರು.

ತೀರ್ಪಿನ ಉಪಮಾನವೊಂದನ್ನೂ ಇಲ್ಲಿ ಪರಿಶೀಲಿಸಬೇಕು. ಬಂಧಿತರಿಗೆ ಒಳ್ಳೆಯ ವಸತಿ, ಒಳ್ಳೆಯ ಆಹಾರ, ಒಳ್ಳೆಯ ಉಪಚಾರ ದೊರೆಯುತ್ತಿವೆಯೆಂದೂ, ಅವರ ವಿಷಯದಲ್ಲಿ ಸರಕಾರವು ತೋರುವ ಕಾಳಜಿ ಬಹುಮಟ್ಟಿಗೆ ತಾಯಿಯ ಕಾಳಜಿಯಂತಿದೆಯೆಂದೂ ನ್ಯಾಯಮೂರ್ತಿ ಬೇಗ್ ಅವರು ಬರೆದರು. ಉಪಮಾನವು ಅರ್ಥವನ್ನು ಬೆಳಗಬೇಕು. ಇಲ್ಲಿ ಅದು ಅರ್ಥವನ್ನು ಮುಚ್ಚಿತು. ಬಂಧಿತರನ್ನು ನ್ಯಾಯಾಲಯದ ಮುಂದೆ ತರಬೇಕಾಗಿಲ್ಲವೆಂದು ಹೇಳುವ ತೀರ್ಪಿಗೆ ಬಂಧಿತರು ಸುಖವಾಗಿದ್ದಾರೆಂದು ತಿಳಿದುದು ಯಾರ ಬಾಯಿಂದ? ಕಟ್ಟಿಹಾಕಿದವನ ಬಾಯಿಂದಲೇ ಅಲ್ಲವೇ?

ತೀರ್ಪು ಹೊರಬಿದ್ದ ನಾಲ್ಕು ದಿನಗಳ ಮೇಲೆ, 1976ರ ಮೇ 2ರಂದು, ‘ಸಂಸ್ಕಾರ’ ಚಿತ್ರದಲ್ಲಿ ಚಂದ್ರಿಯ ಪಾತ್ರವನ್ನು ವಹಿಸಿ ಕನ್ನಡಿಗರಿಗೆ ಪರಿಚಿತರಾಗಿದ್ದ ಸ್ನೇಹಲತಾ ರೆಡ್ಡಿಯವರನ್ನು ಬಂಧಿಸಿದರು. ಆಕೆ ಉಬ್ಬಸದಿಂದ ನರಳುತ್ತಿದ್ದವರು. ಬೆಂಗಳೂರಿನ ಕೇಂದ್ರ ಕಾರಾಗೃಹದಲ್ಲಿ ಮೀಸಾ ಬಂಧಿತೆಯಾಗಿ ಎಂಟು ತಿಂಗಳಿಗೂ ಮೇಲ್ಪಟ್ಟು ಕಳೆದರು. ಆರೋಗ್ಯ ಪೂರ್ಣವಾಗಿ ಕುಸಿದ ಮೇಲೆ 1977ರ ಜನವರಿ 15ರಂದು ಪೆರೋಲಿನ ಮೇಲೆ ಹೊರಗೆ ಬಿಟ್ಟರು. ಜನವರಿ 20ರಂದು ಆಕೆ ತೀರಿಕೊಂಡರು. ನ್ಯಾಯಾಲಯದ ಬಾಗಿಲು ತೆರೆದಿದ್ದರೆ ಆಕೆಯನ್ನು ಒಬ್ಬ ನ್ಯಾಯಾಧೀಶರಾದರೂ ಕಣ್ಣಾರೆ ನೋಡುತ್ತಿದ್ದರು. ತಾಯಿಯ ಉಪಮಾನಕ್ಕೆ ಇದಕ್ಕಿಂತ ಬೇರೆ ವಿಮರ್ಶೆ ಬೇಕಾಗಿಲ್ಲ.

ಒಪ್ಪಿಗೆಯ ವಿಚಾರ

ಈಗ ವಿದ್ಯಾರ್ಥಿಯ ಪ್ರಶ್ನೆಯ ಬುಡಕ್ಕೆ ಬರೋಣ. ಆಳುವವನ ಅಧಿಕಾರಕ್ಕೆ ಆಳಿಸಿಕೊಳ್ಳುವವರ ಒಪ್ಪಿಗೆಯೇ ಮೂಲವೆಂಬ ವಿಚಾರ ಪಶ್ಚಿಮದಿಂದ ಬಂದ ಹೊಸ ಸರಕೇನೂ ಅಲ್ಲ. ಬೌದ್ಧರ ದೀಘನಿಕಾಯದ ಅಗ್ಗಞ್ಞಸುತ್ತದಲ್ಲಿ ಜನರು ತಮ್ಮೊಳಗೊಬ್ಬನನ್ನು ಆರಿಸಿ, ಅಪರಾಧಿಗಳನ್ನು ದಂಡಿಸುವ ಕೆಲಸಕ್ಕೆ ಪ್ರತಿಯಾಗಿ ತಮ್ಮ ಭತ್ತದಲ್ಲಿ ಅವನಿಗೆ ಪಾಲು ಕೊಟ್ಟ ಕಥೆಯಿದೆ. ಅವನ ಹೆಸರೇ ಮಹಾಸಮ್ಮತ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿಯೂ ಮತ್ಸ್ಯನ್ಯಾಯದಿಂದ ಕಂಗೆಟ್ಟ ಪ್ರಜೆಗಳು ವೈವಸ್ವತ ಮನುವನ್ನು ಅರಸನನ್ನಾಗಿ ಮಾಡಿಕೊಂಡು ಧಾನ್ಯದ ಆರನೆಯ ಒಂದು ಪಾಲನ್ನು ಗೊತ್ತುಮಾಡಿದ ಮಾತು ಬರುತ್ತದೆ. ಆದರೆ ಕೌಟಿಲ್ಯನು ಈ ಮಾತನ್ನು ಹೇಳಿಸುವುದು ಜನರ ನಡುವೆ ಬಿಟ್ಟ ಗೂಢಚಾರರ ಬಾಯಿಂದ, ಅರಸನನ್ನು ನಿಂದಿಸುವವರ ಬಾಯಿ ಮುಚ್ಚಿಸುವುದಕ್ಕಾಗಿ ಎಂಬುದನ್ನು ವಾಚಕರು ಗಮನಿಸಬೇಕು. ಒಪ್ಪಿಗೆಯ ತತ್ತ್ವವು ಅಧಿಕಾರಕ್ಕೆ ಕಡಿವಾಣವಾಗಬಲ್ಲಂತೆಯೇ ಅಧಿಕಾರದ ಕೈಯಲ್ಲಿ ಕೋಲೂ ಆಗಬಲ್ಲದೆಂಬುದನ್ನು ಆ ಚಾಣಾಕ್ಷನು ಅಂದೇ ಅರಿತಿದ್ದನು. “ನೀವೇ ಒಪ್ಪಿದ್ದಿರಲ್ಲವೇ?” ಎಂಬ ಮಾತು ಎಲ್ಲ ಕಾಲದಲ್ಲಿಯೂ ಆಳುವವರಿಗೆ ಅನುಕೂಲವಾದ ಮಾತು.

ಇಂಗ್ಲೆಂಡಿನ ಜಾನ್ ಲಾಕನು 1689ರಲ್ಲಿ ಪ್ರಕಟಿಸಿದ ರಾಜ್ಯಾಡಳಿತದ ಎರಡನೆಯ ಪ್ರಬಂಧದಲ್ಲಿ ಈ ತತ್ತ್ವಕ್ಕೆ ಶಾಸ್ತ್ರರೂಪವನ್ನು ಕೊಟ್ಟನು. ಅವನ ಗ್ರಂಥದಲ್ಲಿ ದುರ್ಬಲವಾದ ಭಾಗವೂ ಇದೆ, ಬಲವಾದ ಭಾಗವೂ ಇದೆ. ದೇಶದ ಹೆದ್ದಾರಿಯಲ್ಲಿ ನಡೆದವನು ಕೂಡ ಆ ದೇಶದ ಸರಕಾರಕ್ಕೆ ಮೌನವಾಗಿ ಒಪ್ಪಿದವನೇ ಎಂಬುದು ದುರ್ಬಲ ಭಾಗ. ಡೇವಿಡ್ ಹ್ಯೂಮನು 1748ರ ಪ್ರಬಂಧವೊಂದರಲ್ಲಿ ಇದನ್ನು ಒಂದೇ ದೃಷ್ಟಾಂತದಿಂದ ಕೆಡವಿದನು. ನಿದ್ದೆಯಲ್ಲಿದ್ದವನನ್ನು ಎತ್ತಿ ಹಡಗಿಗೆ ಹಾಕಿ ಸಮುದ್ರದ ನಡುವೆ ಒಯ್ದ ಮೇಲೆ, ಅವನು ಹಡಗಿನಿಂದ ಹಾರಲಿಲ್ಲವಾದ್ದರಿಂದ ನಾಯಕನ ಅಧಿಕಾರಕ್ಕೆ ಒಪ್ಪಿದ್ದಾನೆ ಎಂದಂತೆ ಇದು ಎಂಬುದು ಅವನ ಆಕ್ಷೇಪ. ಹ್ಯೂಮನ ಆಕ್ಷೇಪಕ್ಕೆ ಪೂರ್ಣವಾದ ಸಮಾಧಾನವನ್ನು ನಾವು ಎಲ್ಲಿಯೂ ಕಂಡಿಲ್ಲ. ನಮ್ಮಲ್ಲಿಯೂ ಇಂದು ಬದುಕಿರುವವರಲ್ಲಿ ಬಹುಪಾಲು ಜನರು 1949ರ ನವೆಂಬರ್ 26ರಂದು ಸಂವಿಧಾನವನ್ನು ಅಂಗೀಕರಿಸಿದಾಗ ಹುಟ್ಟಿಯೇ ಇರಲಿಲ್ಲ.

ಲಾಕನ ಗ್ರಂಥದ ಬಲವಾದ ಭಾಗ ಬೇರೆ. ಯಾರೂ ತನ್ನಲ್ಲಿಲ್ಲದ ಅಧಿಕಾರವನ್ನು ಇನ್ನೊಬ್ಬನಿಗೆ ಕೊಡಲಾರನು. ತನ್ನ ಪ್ರಾಣವನ್ನು ಮನಬಂದಂತೆ ಹಾಳುಮಾಡುವ ಅಧಿಕಾರ ಮನುಷ್ಯನಿಗಿಲ್ಲವಾದ್ದರಿಂದ, ಒಪ್ಪಿಗೆಯ ಮೂಲಕವಾಗಿಯೂ ಅವನು ತನ್ನನ್ನು ಇನ್ನೊಬ್ಬನ ನಿರಂಕುಶ ಇಚ್ಛೆಗೆ ಒಪ್ಪಿಸಲಾರನು ಎಂದು ಅವನು ವಾದಿಸುತ್ತಾನೆ. ಒಪ್ಪಿಗೆಯ ಇತಿಹಾಸ ಕಾಲ್ಪನಿಕವಿದ್ದರೂ ಇರಲಿ. ಒಪ್ಪಿಗೆಗೆ ಒಂದು ಮೇರೆಯುಂಟೆಂಬ ಮಾತು ಕಾಲ್ಪನಿಕವಲ್ಲ. ವಿದ್ಯಾರ್ಥಿಗೆ ಸಲ್ಲಬೇಕಾದ ಉತ್ತರದ ಮೊದಲರ್ಧ ಇಲ್ಲಿದೆ.

ಉತ್ತರದ ಎರಡನೆಯ ಅರ್ಧವನ್ನು ನಮ್ಮ ಹಳ್ಳಿಯ ವ್ಯವಹಾರದಿಂದಲೇ ಹೇಳಬಹುದು. ಒಬ್ಬನು ತನ್ನ ಹೊಲವನ್ನು ಗುತ್ತಿಗೆಗೆ ಕೊಡುತ್ತಾನೆ. ಬರಗಾಲ ಬಂದರೆ ಗುತ್ತಿಗೆದಾರನಿಗೆ ಕೆಲವು ರಿಯಾಯತಿಗಳುಂಟೆಂದು ಕರಾರಿನಲ್ಲಿ ಬರೆದಿದೆ. ಗುತ್ತಿಗೆದಾರನು ಒಂದು ದಿನ, ‘ಬರಗಾಲ ಬಂದಿದೆ, ಬಂದಿದೆಯೋ ಇಲ್ಲವೋ ಎಂದು ನಿರ್ಣಯಿಸುವವನು ನಾನು, ಅದು ಮುಗಿಯುವವರೆಗೆ ನೀನು ಬದುವಿನ ಮೇಲೂ ಬರಕೂಡದು, ಕರಾರಿನಂತೆ ನಡೆಯುತ್ತಿದ್ದೇನೋ ಇಲ್ಲವೋ ಎಂದು ಕೇಳಲೂ ಕೂಡದು’ ಎನ್ನುತ್ತಾನೆ. ಇಲ್ಲಿ ಕರಾರು ಉಳಿಯಿತೇ? ರಿಯಾಯತಿಯನ್ನು ಒಡೆಯನು ಕೊಟ್ಟಿದ್ದನು, ನಿಜ. ಆದರೆ ಕರಾರಿನ ಪ್ರಕಾರ ನಡೆಯುತ್ತಿದೆಯೇ ಎಂದು ಕೇಳುವ ಹಕ್ಕನ್ನು ಅವನು ಕೊಟ್ಟಿರಲಿಲ್ಲ. ಕೊಟ್ಟಿದ್ದೇನೆಂದು ಬರೆದುಕೊಟ್ಟಿದ್ದರೂ ಆ ಬರೆಹಕ್ಕೆ ಅರ್ಥವಿಲ್ಲ. ಕೇಳುವ ಹಕ್ಕು ಹೋದ ಕ್ಷಣದಲ್ಲಿ ಕರಾರೆಂಬುದೇ ಹೋಗಿ ಬರಿಯ ಬಲಾತ್ಕಾರ ಉಳಿಯುತ್ತದೆ.

ಹೇಬಿಯಸ್ ಕಾರ್ಪಸ್ ಎಂಬುದು ಕೇಳುವ ಹಕ್ಕೇ. ಅದು ಬಂಧಿತನನ್ನು ಬಿಟ್ಟೇ ಬಿಡಿರೆಂದು ಹೇಳುವುದಿಲ್ಲ. ಯಾವ ಕಾನೂನಿನಿಂದ ಹಿಡಿದಿರಿ ಎಂದು ಕೇಳುತ್ತದೆ. ವಿಚಾರಣೆ ನಡೆದು, ತಪ್ಪು ಸ್ಥಾಪಿತವಾಗಿ, ಸೆರೆಗೆ ಹೋಗುವುದಕ್ಕೆ ಪ್ರಜೆಯು ಒಪ್ಪಿದ್ದಾನೆಂದು ಹೇಳಬಹುದು. ಆಪತ್ಕಾಲದಲ್ಲಿ ಕಾಯಿದೆಯ ಪ್ರಕಾರ ಮುಂಜಾಗ್ರತೆಯ ಬಂಧನಕ್ಕೂ ಒಪ್ಪಿದ್ದಾನೆಂದು, ಕಷ್ಟದಿಂದಲಾದರೂ, ಹೇಳಬಹುದು. ಕಾಯಿದೆಯನ್ನು ಮೀರಿ, ಹಗೆಯಿಂದ ಹಿಡಿದರೂ ಕೇಳಬಾರದೆಂಬುದಕ್ಕೆ ಅವನು ಒಪ್ಪಿದ್ದಾನೆಂದು ಹೇಳಲಾಗದು. ಏಕೆಂದರೆ ಅದು ಒಪ್ಪಿಗೆಯ ಒಂದು ಷರತ್ತಲ್ಲ, ಒಪ್ಪಿಗೆಯ ಅಳಿವು.

ಕಾಲದ ವಿಷಯವೊಂದಿದೆ. ಐದನೆಯ ಲೋಕಸಭೆಗೆ ಜನರು ಮತ ಕೊಟ್ಟದ್ದು 1971ರ ಮಾರ್ಚಿಯಲ್ಲಿ, ಐದು ವರ್ಷಗಳಿಗೆ. ಆ ಅವಧಿ 1976ರ ಮಾರ್ಚಿಗೆ ಮುಗಿಯಬೇಕಾಗಿತ್ತು. ತುರ್ತುಪರಿಸ್ಥಿತಿಯಲ್ಲಿ ಒಂದೊಂದು ವರ್ಷ ಮುಂದುವರಿಸಿಕೊಳ್ಳುವ ಅವಕಾಶವನ್ನು ಉಪಯೋಗಿಸಿ ಲೋಕಸಭೆಯು ತನ್ನ ಆಯುಸ್ಸನ್ನು ತಾನೇ ಬೆಳೆಸಿಕೊಂಡಿತು. ಆದುದರಿಂದ 1976ರ ಏಪ್ರಿಲ್ 28ರಂದು ಸರಕಾರವನ್ನು ಕೇಳುವಂತಿಲ್ಲವೆಂದು ನಾಲ್ವರು ಹೇಳಿದಾಗ, ಜನರು ಕೊಟ್ಟ ಐದು ವರ್ಷಗಳ ಒಪ್ಪಿಗೆ ತೀರಿ ಒಂದು ತಿಂಗಳು ಮೀರಿತ್ತು. ನ್ಯಾಯಾಲಯದಲ್ಲಿ ಕೇಳುವ ಬಾಗಿಲು, ಮತದ ಮೂಲಕ ಕೇಳುವ ಬಾಗಿಲು ಎರಡೂ ಒಟ್ಟಿಗೆ ಮುಚ್ಚಿದ್ದ ಕಾಲವದು. ತೀರ್ಪನ್ನು ಓದುವವರು ಈ ತಿಥಿಯನ್ನು ಸಾಮಾನ್ಯವಾಗಿ ಗಮನಿಸುವುದಿಲ್ಲ.

ಭಿನ್ನಮತದ ಅಳತೆ

ಖನ್ನಾ ಅವರ ಭಿನ್ನಮತವನ್ನು ಸ್ತುತಿಸುವವರು ಅನೇಕರು, ಓದುವವರು ಕಡಿಮೆ. ಓದಿದರೆ ಅದರ ಸಂಯಮ ಆಶ್ಚರ್ಯ ಹುಟ್ಟಿಸುತ್ತದೆ. ತುರ್ತುಪರಿಸ್ಥಿತಿಯ ಘೋಷಣೆಯೇ ಅಸಿಂಧುವೆಂದು ಅವರು ಹೇಳಲಿಲ್ಲ. ಬಂಧಿತರೆಲ್ಲರನ್ನೂ ಬಿಡಿರೆಂದೂ ಹೇಳಲಿಲ್ಲ. ಬಂಧನವು ಆ ಬಂಧನಕ್ಕೆ ಆಧಾರವಾದ ಕಾಯಿದೆಯ ಪ್ರಕಾರವಾದರೂ ನಡೆದಿದೆಯೇ ಎಂದು ನೋಡುವ ಅಧಿಕಾರ ಉಚ್ಚ ನ್ಯಾಯಾಲಯಕ್ಕೆ ಉಳಿದಿದೆ, ಅಷ್ಟೇ ಎಂದರು. ಕೇಳಿದುದು ಅತ್ಯಲ್ಪ. ಆ ಅಲ್ಪವನ್ನು ಕೇಳಿದುದಕ್ಕೆ ತೆತ್ತ ಬೆಲೆ ದೊಡ್ಡದು. 1977ರ ಜನವರಿಯಲ್ಲಿ ಸೇವಾಹಿರಿತನದಂತೆ ಅವರಿಗೆ ಬರಬೇಕಾಗಿದ್ದ ಮುಖ್ಯ ನ್ಯಾಯಾಧೀಶ ಪದವಿಯು ಅವರನ್ನು ದಾಟಿ ಬೇಗ್ ಅವರಿಗೆ ಹೋಯಿತು. ಖನ್ನಾ ರಾಜೀನಾಮೆ ಕೊಟ್ಟು ಹೊರಬಂದರು. ಒಬ್ಬರನ್ನೇ ಹೊಗಳುವ ಉತ್ಸಾಹದಲ್ಲಿ ಅವರಿಗಿಂತ ಮೊದಲೇ ಅದೇ ಮಾತನ್ನು ಹೇಳಿದ್ದ ಒಂಬತ್ತು ಉಚ್ಚ ನ್ಯಾಯಾಲಯಗಳ ನ್ಯಾಯಾಧೀಶರನ್ನು ಮರೆಯುವುದೂ ಸರಿಯಲ್ಲ. ಅವರಲ್ಲಿ ಕೆಲವರಿಗೆ ದೂರದ ರಾಜ್ಯಗಳಿಗೆ ವರ್ಗವಾಯಿತು.

ಒಂದು ಆಕ್ಷೇಪ

ಇಲ್ಲಿ ಒಂದು ಆಕ್ಷೇಪ ಬರುತ್ತದೆ. 1977ರ ಮಾರ್ಚಿಯಲ್ಲಿ ಚುನಾವಣೆ ನಡೆದು ಜನರೇ ಆ ಸರಕಾರವನ್ನು ಇಳಿಸಿದರಲ್ಲ, ಕೊನೆಗೆ ಒಪ್ಪಿಗೆಯೇ ಸ್ವಾತಂತ್ರ್ಯವನ್ನು ಕಾಪಾಡಿತಲ್ಲ ಎಂದು ಕೆಲವರು ಹೇಳುತ್ತಾರೆ. ಉತ್ತರಭಾರತದ ಮಟ್ಟಿಗೆ ಈ ಮಾತು ನಿಜ. ಕನ್ನಡಿಗರಾದ ನಾವು ಮಾತ್ರ ಇದನ್ನು ಹೇಳುವಂತಿಲ್ಲ. ಅದೇ ಚುನಾವಣೆಯಲ್ಲಿ ಕರ್ನಾಟಕದ 28 ಸ್ಥಾನಗಳಲ್ಲಿ 26 ಸ್ಥಾನಗಳನ್ನು ನಾವು ಅದೇ ಪಕ್ಷಕ್ಕೆ ಕೊಟ್ಟೆವು. ಮರುವರ್ಷ ಚಿಕ್ಕಮಗಳೂರಿನಿಂದ ಶ್ರೀಮತಿ ಇಂದಿರಾಗಾಂಧಿಯವರನ್ನೇ ಆರಿಸಿ ಕಳುಹಿದೆವು. ಇದನ್ನು ನಿಂದೆಗಾಗಿ ಹೇಳುತ್ತಿಲ್ಲ. ದೇವರಾಜ ಅರಸರ ಕಾಲದಲ್ಲಿ ಭೂಸುಧಾರಣೆಯಿಂದ ಉಳುವ ಹೊಲವನ್ನು ಪಡೆದ ಬಡ ಗೇಣಿದಾರನಿಗೆ ತನ್ನ ಮತಕ್ಕೆ ತನ್ನದೇ ಆದ ನ್ಯಾಯವಾದ ಕಾರಣಗಳಿದ್ದವು. ಆದರೆ ಇದರಿಂದ ತಿಳಿಯುವುದೇನು? ಬೆಂಗಳೂರಿನ ಸೆರೆಮನೆಯಲ್ಲಿ ಕೆಟ್ಟ ಉಸಿರಿನೊಂದಿಗೆ ಹೋರಾಡಿದ ಒಬ್ಬ ಹೆಣ್ಣುಮಗಳ ಸ್ವಾತಂತ್ರ್ಯಕ್ಕೂ, ಲಕ್ಷಾಂತರ ಜನರ ಮತಕ್ಕೂ ನಂಟಿರಲೇಬೇಕೆಂದಿಲ್ಲ. ಬಹುಜನರ ಒಪ್ಪಿಗೆಯು ಸರಕಾರವನ್ನು ಮಾಡಬಲ್ಲದು. ಅದೇ ಒಪ್ಪಿಗೆಯು ಒಬ್ಬನನ್ನು ಕಾನೂನಿಲ್ಲದೆ ಕೂಡಿಹಾಕಲು ಅಪ್ಪಣೆಯಾಗಲಾರದು. ಆ ಒಬ್ಬನ ಪರವಾಗಿ ಒಪ್ಪಿಗೆ ಕೊಡಲು ಉಳಿದವರು ಯಾರು?

ಅನಂತರ

ಮುಂದೆ ನಡೆದುದನ್ನು ಸಂಗ್ರಹವಾಗಿ ಹೇಳಬಹುದು. 1977ರ ಮಾರ್ಚ್ 21ರಂದು ತುರ್ತುಪರಿಸ್ಥಿತಿ ಕೊನೆಗೊಂಡಿತು. 1978ರ 44ನೆಯ ತಿದ್ದುಪಡಿಯು 359ನೆಯ ಅನುಚ್ಛೇದವನ್ನು ತಿದ್ದಿ, 20 ಮತ್ತು 21ನೆಯ ಅನುಚ್ಛೇದಗಳನ್ನು ಯಾವ ಆಪತ್ಕಾಲದಲ್ಲಿಯೂ ತಡೆಹಿಡಿಯಕೂಡದೆಂದು ಗೊತ್ತುಮಾಡಿತು. ‘ಆಂತರಿಕ ಕ್ಷೋಭೆ’ ಎಂಬ ಸಡಿಲವಾದ ಪದವನ್ನು ತೆಗೆದು ‘ಸಶಸ್ತ್ರ ಬಂಡಾಯ’ ಎಂಬುದನ್ನಿಟ್ಟಿತು. ನಾಲ್ವರಲ್ಲಿ ಒಬ್ಬರಾದ ಭಗವತಿಯವರು 2011ರಲ್ಲಿ ತಮ್ಮ ಅಂದಿನ ತೀರ್ಪು ತಪ್ಪಾಗಿತ್ತೆಂದು ಒಪ್ಪಿಕೊಂಡರು. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಾಧೀಶರ ಪೀಠವು ಖಾಸಗಿತನದ ಹಕ್ಕನ್ನು ಎತ್ತಿಹಿಡಿಯುವಾಗ 1976ರ ಬಹುಮತದ ತೀರ್ಪನ್ನು ಸ್ಪಷ್ಟವಾಗಿ ತಳ್ಳಿಹಾಕಿತು. ಹಾಗೆ ಬರೆದವರು ಡಿ. ವೈ. ಚಂದ್ರಚೂಡ, 1976ರ ನಾಲ್ವರಲ್ಲಿ ಒಬ್ಬರಾದ ವೈ. ವಿ. ಚಂದ್ರಚೂಡರ ಮಗ. ಆ ಮೊಕದ್ದಮೆಯನ್ನು ಹೂಡಿದವರು ನಮ್ಮ ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು. ಎಂಬತ್ತು ದಾಟಿದ ವಯಸ್ಸಿನಲ್ಲಿ ಅವರು ಸರಕಾರವನ್ನು ಕೇಳಿದ್ದೂ ಅದೇ ಪ್ರಶ್ನೆ: ಯಾವ ಕಾನೂನಿನಿಂದ?

ತಪ್ಪು ತಿದ್ದಲ್ಪಟ್ಟಿತೆಂದು ನಿಶ್ಚಿಂತರಾಗಿ ಕುಳಿತುಕೊಳ್ಳುವಂತಿಲ್ಲ. ವಿಚಾರಣೆಯಿಲ್ಲದ ಮುಂಜಾಗ್ರತೆಯ ಬಂಧನಕ್ಕೆ 22ನೆಯ ಅನುಚ್ಛೇದದಲ್ಲಿ ಈಗಲೂ ಅವಕಾಶವಿದೆ. ಸಲಹಾ ಮಂಡಲಿಯ ಅಭಿಪ್ರಾಯವಿಲ್ಲದೆ ಮೂರು ತಿಂಗಳವರೆಗೆ ಬಂಧನದಲ್ಲಿಡಬಹುದೆಂಬ ನಿಯಮವನ್ನು ಎರಡು ತಿಂಗಳಿಗೆ ಇಳಿಸುವ ವಿಧಿಯೊಂದು ಅದೇ 44ನೆಯ ತಿದ್ದುಪಡಿಯಲ್ಲಿತ್ತು. ಸಂಸತ್ತು ಒಪ್ಪಿದ ಆ ವಿಧಿಯನ್ನು ಮುಂದೆ ಬಂದ ಯಾವ ಪಕ್ಷದ ಸರಕಾರವೂ ಜಾರಿಗೆ ತರಲಿಲ್ಲ. ಸೆರೆಯನ್ನು ಅನುಭವಿಸಿ ಬಂದವರು ಅಧಿಕಾರಕ್ಕೇರಿದಾಗಲೂ ಅದು ಕಡತದಲ್ಲಿಯೇ ಉಳಿಯಿತು. ಅಧಿಕಾರದ ಈ ಸ್ವಭಾವವು ಪಕ್ಷಭೇದವನ್ನು ಅರಿಯದು.

ಉಪಸಂಹಾರ

ಈ ತೀರ್ಪನ್ನು ಮೊದಲ ಬಾರಿ ಪೂರ್ಣವಾಗಿ ಓದಿದಾಗ ನಮಗೆ ನಾಲ್ವರ ಮೇಲೆ ಕೋಪ ಬಂದಿತ್ತು. ಎರಡನೆಯ ಸಲ ಓದಿದಾಗ ಕೋಪಕ್ಕಿಂತ ಅಂಜಿಕೆ ಹೆಚ್ಚಾಯಿತು. ಅವರು ಕೆಟ್ಟವರಾಗಿರಲಿಲ್ಲ, ಅವಿದ್ವಾಂಸರೂ ಆಗಿರಲಿಲ್ಲ. ಎತ್ತರದ ಪೀಠದಲ್ಲಿ ಕುಳಿತು, ಆಳುವವರ ಮಾತನ್ನು ದಿನವೂ ಕೇಳಿ, ಕೆಳಗೆ ಕಟ್ಟಿಹಾಕಿಸಿಕೊಂಡವನ ಮಾತು ಕಿವಿಗೆ ಬೀಳದಂತಾದರೆ ಯಾವ ವಿದ್ವಾಂಸನಾದರೂ ಹೀಗೆಯೇ ಬರೆದಾನು. ಪೀಠಗಳು ನ್ಯಾಯಾಲಯದಲ್ಲಿ ಮಾತ್ರ ಇಲ್ಲ. ಮಠಗಳಲ್ಲಿಯೂ ಇವೆ. ಭಕ್ತರು ಕಾಣಿಕೆ ಕೊಡುತ್ತಾರೆ, ಭೂಮಿ ಕೊಡುತ್ತಾರೆ, ಮಕ್ಕಳನ್ನು ಓದಿಗೆಂದು ತಂದು ಬಿಡುತ್ತಾರೆ. ಅದೂ ಒಪ್ಪಿಗೆಯೇ. ಲೆಕ್ಕವನ್ನು ಕೇಳಿದ ಭಕ್ತನನ್ನು ನಿಷ್ಠೆ ಕಡಿಮೆಯಾದವನೆಂದು ಎಣಿಸುವ ವಾಡಿಕೆ ನಮ್ಮಂತಹವರಲ್ಲಿಯೂ ಬೆಳೆದಿದೆ. ಅವನ ಬಾಯನ್ನು ಮುಚ್ಚಿಸಲು ನಾವೂ ತಾಯಿಯ ಉಪಮಾನವನ್ನೇ ಬಳಸುತ್ತೇವೆ. ನಾಲ್ವರನ್ನು ವಿಮರ್ಶಿಸಲು ಹೊರಟವರು ಮೊದಲು ತಮ್ಮ ಅಂಗಳದಲ್ಲಿ ಕೇಳುವವನಿಗೆ ನಿಲ್ಲಲು ಜಾಗ ಕೊಟ್ಟಿದ್ದೇವೆಯೇ ಎಂದು ನೋಡಿಕೊಳ್ಳಬೇಕು. ಮುಂದಿನ ಜಾತ್ರೆಯ ಸಭೆಯಲ್ಲಿ ಶ್ರೀಮಠದ ಲೆಕ್ಕಪತ್ರವನ್ನು ಎಲ್ಲರೆದುರು ಓದಿಸಬೇಕೆಂದು ನಿಶ್ಚಯಿಸಿರುವುದಕ್ಕೆ ಆ ಹುಡುಗನ ಪ್ರಶ್ನೆಯೇ ಕಾರಣ.

ಅವನಿಗೆ ಈಗ ಪೂರ್ಣವಾದ ಉತ್ತರವನ್ನು ಹೇಳಬಹುದು. ಅಪ್ಪಾ, ಸಂವಿಧಾನವನ್ನು ನಾವೇ ಕೊಟ್ಟುಕೊಂಡಿದ್ದೇವೆ, ನಿಜ. ಆದರೆ ಕೊಟ್ಟವನು ತನ್ನಲ್ಲಿದ್ದುದನ್ನು ಮಾತ್ರ ಕೊಡಬಲ್ಲನು. ಕಾನೂನಿಗೆ ತಲೆಬಾಗುವುದಾಗಿ ನಾವು ಒಪ್ಪಿದೆವು. ಕಾನೂನು ಎಲ್ಲಿದೆ ಎಂದು ಕೇಳುವುದಿಲ್ಲವೆಂದು ಒಪ್ಪಲಿಲ್ಲ, ಒಪ್ಪಲೂ ಬಾರದು. ಕಾನೂನಿಲ್ಲದೆ ಸೆರೆಯಲ್ಲಿರುವವನು ತನ್ನನ್ನು ತಾನು ಸೆರೆಯಲ್ಲಿಟ್ಟುಕೊಂಡವನಲ್ಲ; ಅವನನ್ನು ಇಟ್ಟವರು ಬೇರೆಯವರು, ಅವರನ್ನು ಕೇಳಬೇಕಾದವರು ನಾವು. ನೀನು ನಾಳೆ ವಕೀಲನಾಗುವೆ, ನ್ಯಾಯಾಧೀಶನೂ ಆಗಬಹುದು. ಬಾಗಿಲಿಗೆ ಬಂದು ಕೇಳುವವನ ಪಕ್ಷ ಯಾವುದು, ಪಂಗಡ ಯಾವುದು, ಅವನು ನಮಗೆ ಬೇಕಾದವನೇ ಬೇಡವಾದವನೇ ಎಂದು ನೋಡದೆ ಬಾಗಿಲು ತೆರೆ.

ಸರ್ವರಿಗೂ ಸನ್ಮಂಗಳವಾಗಲಿ.